ಗ್ರೀಸಿನ ಮನೆ ಒಡೆದ ಬಗೆ

ಮಹಾಯುದ್ಧವೊಂದು ನಡೆಯುತ್ತಿರುವಾಗ ಚಿಕ್ಕ ರಾಷ್ಟ್ರವೊಂದು ಯಾರ ಪಕ್ಷವನ್ನು ಹಿಡಿಯಬೇಕು, ಅಥವಾ ಯಾರ ಪಕ್ಷವನ್ನೂ ಹಿಡಿಯದೆ ದೂರ ನಿಲ್ಲಬೇಕೆ ಎಂಬುದು ಮೇಲುನೋಟಕ್ಕೆ ವಿದೇಶಾಂಗ ಖಾತೆಗೆ ಸೇರಿದ ಪ್ರಶ್ನೆ. ರಾಯಭಾರಿಗಳೂ ಮಂತ್ರಿಗಳೂ ಸೇನಾಧಿಪತಿಗಳೂ ಬಾಗಿಲು ಮುಚ್ಚಿಕೊಂಡು ತೀರ್ಮಾನಿಸುವ ಸಂಗತಿ. ಹಳ್ಳಿಯ ಒಕ್ಕಲಿಗನಿಗೂ ಶಾಲೆಯ ಉಪಾಧ್ಯಾಯನಿಗೂ ಅದರ ಬಿಸಿ ತಟ್ಟುವುದು ಯುದ್ಧ ಬಾಗಿಲಿಗೆ ಬಂದಾಗಲೇ ಎಂದು ನಾವು ಎಣಿಸುವುದುಂಟು. ಈ ಎಣಿಕೆ ಎಷ್ಟು ತಪ್ಪಾಗಬಲ್ಲದೆಂಬುದಕ್ಕೆ ಮೊದಲನೆಯ ಮಹಾಯುದ್ಧ ಕಾಲದ ಗ್ರೀಸ್ ದೇಶದ ಕಥೆ ಒಂದು ನಿದರ್ಶನ. ಅಲ್ಲಿ 1915ರಲ್ಲಿ ಎದ್ದ ಇಂಥದೊಂದು ಪ್ರಶ್ನೆ ಎರಡು ವರ್ಷಗಳೊಳಗಾಗಿ ದೇಶವನ್ನು ಎರಡು ಸರಕಾರ, ಎರಡು ಸೈನ್ಯ, ಎರಡು ರಾಜಧಾನಿಗಳಾಗಿ ಸೀಳಿತು. ಯುದ್ಧ ಮುಗಿಯಿತು, ಆದರೆ ಸೀಳು ಮುಚ್ಚಲಿಲ್ಲ. ಇಪ್ಪತ್ತು ವರ್ಷಗಳವರೆಗೆ ಅದು ಅಲ್ಲಿಯ ಚುನಾವಣೆಗಳನ್ನೂ ಸೈನ್ಯವನ್ನೂ ನ್ಯಾಯಾಲಯವನ್ನೂ ಆಳಿತು. ಗ್ರೀಕರು ಆ ಪ್ರಕರಣವನ್ನು ಇಂದಿಗೂ 'ರಾಷ್ಟ್ರೀಯ ಒಡಕು' ಎಂಬ ಹೆಸರಿನಿಂದಲೇ ಕರೆಯುತ್ತಾರೆ.

ಆ ಕಾಲದಲ್ಲಿ ಗ್ರೀಸಿನಲ್ಲಿ ಹಳೆಯ ಪಂಚಾಂಗ ನಡೆಯುತ್ತಿದ್ದು, ಅದು ನಮ್ಮ ಈಗಿನ ಗಣನೆಗಿಂತ ಹದಿಮೂರು ದಿನ ಹಿಂದಿತ್ತು. ಕೆಳಗೆ ಕೊಟ್ಟಿರುವ ತಾರೀಖುಗಳೆಲ್ಲ ಹೊಸ ಗಣನೆಯವು.

ಹಳೆಯ ಗ್ರೀಸ್, ಹೊಸ ಗ್ರೀಸ್

ತುರ್ಕರ ಆಳ್ವಿಕೆಯಿಂದ ಬಿಡಿಸಿಕೊಂಡು ಗ್ರೀಸ್ ಸ್ವತಂತ್ರ ರಾಜ್ಯವಾದುದು 1830ರಲ್ಲಿ. ಅದರ ಸ್ವಾತಂತ್ರ್ಯಕ್ಕೆ ಬ್ರಿಟನ್, ಫ್ರಾನ್ಸ್, ರಷ್ಯಗಳು ಜಾಮೀನು ನಿಂತಿದ್ದವು. 1863ರಲ್ಲಿ ಡೆನ್ಮಾರ್ಕಿನ ರಾಜಕುಮಾರನೊಬ್ಬನನ್ನು ಒಂದನೆಯ ಜಾರ್ಜ್ ಎಂಬ ಹೆಸರಿನಿಂದ ಪಟ್ಟಕ್ಕೆ ತಂದಾಗ ಆದ ಕೌಲಿನಲ್ಲಿ, ಗ್ರೀಸ್ ಒಂದು ಅರಸೊತ್ತಿಗೆಯ, ಸ್ವತಂತ್ರ ಮತ್ತು ಸಂವಿಧಾನಬದ್ಧ ರಾಜ್ಯವೆಂದು ಬರೆಯಿಸಿ ಈ ಮೂರು ರಾಷ್ಟ್ರಗಳೂ ರುಜು ಹಾಕಿದ್ದವು. 'ಸಂವಿಧಾನಬದ್ಧ' ಎಂಬ ಆ ಒಂದು ಮಾತು ಐವತ್ತು ವರ್ಷಗಳ ಮೇಲೆ ಎಂಥ ಆಯುಧವಾಯಿತೆಂಬುದನ್ನು ವಾಚಕರು ಮುಂದೆ ನೋಡುವರು.

ಹೊಸ ರಾಜ್ಯ ತೀರ ಚಿಕ್ಕದು. ಅದರ ಗಡಿಯ ಒಳಗಿದ್ದ ಗ್ರೀಕರಿಗಿಂತ ಹೊರಗೆ, ತುರ್ಕಿ ಸುಲ್ತಾನನ ಕೈಕೆಳಗೆ ಉಳಿದ ಗ್ರೀಕರೇ ಹೆಚ್ಚು. ಅವರನ್ನೆಲ್ಲ ಒಂದು ರಾಜ್ಯಕ್ಕೆ ತರಬೇಕು, ಸಾಧ್ಯವಾದರೆ ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಮರಳಿ ಪಡೆಯಬೇಕೆಂಬುದು ಆ ಜನರ ಕನಸು. 'ಮಹಾ ಸಂಕಲ್ಪ' ಎಂದು ಅವರು ಅದನ್ನು ಕರೆಯುತ್ತಿದ್ದರು. ಎಡಪಂಥ ಬಲಪಂಥಗಳೆನ್ನದೆ ಯಾವ ರಾಜಕಾರಣಿಯೂ ಬಹಿರಂಗವಾಗಿ ಅದನ್ನು ಅಲ್ಲಗಳೆಯುವಂತಿರಲಿಲ್ಲ.

1910ರಲ್ಲಿ ಎಲೆಫ್ಥೀರಿಯೋಸ್ ವೆನಿಜೆಲೋಸ್ ಪ್ರಧಾನಮಂತ್ರಿಯಾದನು. ಕ್ರೀಟ್ ದ್ವೀಪದಲ್ಲಿ 1864ರಲ್ಲಿ ಹುಟ್ಟಿದ ಈತ ವೃತ್ತಿಯಿಂದ ವಕೀಲ, ಸ್ವಭಾವದಿಂದ ಸಾಹಸಿ. ಅಥೆನ್ಸಿನ ಹಳೆಯ ಮನೆತನಗಳಿಗೆ ಸೇರಿದವನಲ್ಲ. ಆ ಮನೆತನಗಳ ರಾಜಕಾರಣದಿಂದ ಬೇಸತ್ತಿದ್ದ ಸೈನ್ಯಾಧಿಕಾರಿಗಳೇ 1909ರ ಬಂಡಾಯದ ನಂತರ ಅವನನ್ನು ಕರೆಸಿಕೊಂಡಿದ್ದರು. ಅವನು ಸಂವಿಧಾನವನ್ನು ತಿದ್ದಿದನು, ನೌಕಾಬಲವನ್ನೂ ಸೈನ್ಯವನ್ನೂ ಬಲಪಡಿಸಿದನು. 1912–13ರ ಬಾಲ್ಕನ್ ಯುದ್ಧಗಳಲ್ಲಿ ಅದರ ಫಲ ಕಂಡಿತು. ಸಲೋನಿಕ ಪಟ್ಟಣ, ಮ್ಯಾಸಿಡೋನಿಯದ ದಕ್ಷಿಣ ಭಾಗ, ಎಪಿರಸ್, ಕ್ರೀಟ್ ಎಲ್ಲವೂ ಗ್ರೀಸಿಗೆ ಸೇರಿ, ರಾಜ್ಯದ ವಿಸ್ತಾರ ಹೆಚ್ಚುಕಡಮೆ ಇಮ್ಮಡಿಯಾಯಿತು. ಸುಮಾರು 27 ಲಕ್ಷವಿದ್ದ ಪ್ರಜೆಗಳು ಸುಮಾರು 48 ಲಕ್ಷವಾದರು.

ಆ ಯುದ್ಧಗಳಲ್ಲಿ ಸೈನ್ಯವನ್ನು ನಡೆಸಿದವನು ಯುವರಾಜ ಕಾನ್‌ಸ್ಟಂಟೈನ್. 1913ರ ಮಾರ್ಚಿನಲ್ಲಿ ಜಾರ್ಜ್ ದೊರೆ ಸಲೋನಿಕದ ಬೀದಿಯಲ್ಲಿ ಕೊಲೆಯಾಗಲು ಇವನೇ ಪಟ್ಟವೇರಿದನು. ಬೈಜಾಂಟಿಯದ ಕೊನೆಯ ಚಕ್ರವರ್ತಿಯ ಹೆಸರೂ ಕಾನ್‌ಸ್ಟಂಟೈನ್ ಎಂದೇ. ಕಳೆದುಹೋದ ರಾಜಧಾನಿಯನ್ನು ಮರಳಿ ತರುವವನು ಇವನೇ ಎಂದು ಜನ ನಂಬಿದರು. ಹೀಗೆ ಗೆಲುವಿನ ಕೀರ್ತಿ ಇಬ್ಬರಿಗೆ ಹಂಚಿಹೋಗಿತ್ತು: ಯುದ್ಧವನ್ನು ಯೋಜಿಸಿದ ಮಂತ್ರಿ ಒಬ್ಬ, ಖಡ್ಗ ಹಿಡಿದ ಅರಸ ಇನ್ನೊಬ್ಬ. ಇಬ್ಬರೂ ಒಂದಾಗಿರುವವರೆಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಆದರೆ 1912ರಲ್ಲಿಯೇ, ದಂಡು ಉತ್ತರಕ್ಕೆ ಮೊನಾಸ್ಟಿರ್‌ನತ್ತ ಹೋಗಬೇಕೆ, ಪೂರ್ವಕ್ಕೆ ಸಲೋನಿಕದತ್ತ ಹೋಗಬೇಕೆ ಎಂದು ಇಬ್ಬರಿಗೂ ಜಟಾಪಟಿ ನಡೆದಿತ್ತು.

ಅರಸನ ಲೆಕ್ಕ, ಮಂತ್ರಿಯ ಲೆಕ್ಕ

1914ರ ಆಗಸ್ಟಿನಲ್ಲಿ ಯೂರೋಪಿಗೆ ಬೆಂಕಿ ಬಿದ್ದಾಗ ಗ್ರೀಸ್ ತಟಸ್ಥವಾಗಿ ಉಳಿಯಿತು. ಜರ್ಮನಿಯ ಕೈಸರನು ಕಾನ್‌ಸ್ಟಂಟೈನನ ಹೆಂಡತಿ ಸೋಫಿಯಳ ಅಣ್ಣ. ತನ್ನ ಪಕ್ಷಕ್ಕೆ ಬಾ ಎಂದು ಅವನು ಭಾವನಿಗೆ ತಂತಿ ಕಳುಹಿಸಿದನು. ಅರಸನು ಒಪ್ಪಲಿಲ್ಲ. ಮೂರು ಕಡೆ ಸಮುದ್ರವಿರುವ ದೇಶ ಬ್ರಿಟಿಷ್ ನೌಕಾಬಲವನ್ನು ಎದುರುಹಾಕಿಕೊಂಡು ಬದುಕಲಾರದೆಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವನನ್ನು ಜರ್ಮನಿಯ ಕೈಗೊಂಬೆ ಎಂದು ಶತ್ರುಗಳು ಹಬ್ಬಿಸಿದ ಮಾತು ಪೂರ್ತಿ ನಿಜವಲ್ಲ. ಆದರೆ ಅವನು ಬರ್ಲಿನ್ನಿನಲ್ಲಿ ಸೈನಿಕ ವಿದ್ಯೆ ಕಲಿತವನು. ನೆಲದ ಮೇಲೆ ಜರ್ಮನ್ ಸೈನ್ಯವನ್ನು ಸೋಲಿಸುವವರಿಲ್ಲವೆಂದು ನಂಬಿದವನು. ಅವನ ಸೇನಾ ಸಲಹೆಗಾರರೂ ಅದೇ ಮತದವರು. ಅವರಲ್ಲಿ ಅತ್ಯಂತ ಬುದ್ಧಿಶಾಲಿಯಾದವನು ಇಯೋನಿಸ್ ಮೆಟಾಕ್ಸಾಸ್. ಗೆಲ್ಲಲಾರದವರ ಜೊತೆ ಸೇರಬಾರದು, ಗೆಲ್ಲುವವರ ಜೊತೆ ಸೇರಲು ಸಾಧ್ಯವಿಲ್ಲ, ಆದಕಾರಣ ಸುಮ್ಮನಿರುವುದೇ ಲೇಸು ಎಂಬುದು ಅರಮನೆಯ ಲೆಕ್ಕ. ಜರ್ಮನಿಗೂ ಗ್ರೀಸಿನಿಂದ ಬೇಕಾದದ್ದು ಅಷ್ಟೇ.

ವೆನಿಜೆಲೋಸನ ಲೆಕ್ಕ ಬೇರೆ. ಕಡಲನ್ನು ಆಳುವವರೇ ಕೊನೆಗೆ ಗೆಲ್ಲುತ್ತಾರೆ, ತುರ್ಕಿ ಜರ್ಮನಿಯೊಡನೆ ಸೇರಿದ್ದರಿಂದ ಅದರ ಸಾಮ್ರಾಜ್ಯ ಹಂಚಿಕೆಯಾಗುವುದು ಖಂಡಿತ, ಹಂಚುವ ಹೊತ್ತಿಗೆ ಪಂಕ್ತಿಯಲ್ಲಿ ಕುಳಿತವನಿಗೆ ಮಾತ್ರ ಎಲೆ ಎಂಬುದು ಅವನ ಅಭಿಪ್ರಾಯ. ಇದಲ್ಲದೆ 1913ರಲ್ಲಿ ಗ್ರೀಸ್ ಸೆರ್ಬಿಯದೊಡನೆ ಪರಸ್ಪರ ನೆರವಿನ ಕೌಲು ಮಾಡಿಕೊಂಡಿತ್ತು. ಆ ಮಾತನ್ನು ಉಳಿಸಿಕೊಳ್ಳದಿದ್ದರೆ ಬಲ್ಗೇರಿಯವು ಸೆರ್ಬಿಯವನ್ನು ಮುಗಿಸಿ ನಾಳೆ ನಮ್ಮ ಮೇಲೆ ಬೀಳುವುದಿಲ್ಲವೆ ಎಂದು ಅವನು ಕೇಳಿದನು.

1915ರ ಜನವರಿಯಲ್ಲಿ ಬ್ರಿಟನ್ನಿನ ವಿದೇಶ ಮಂತ್ರಿ ಗ್ರೇ, ಗ್ರೀಸ್ ಸೆರ್ಬಿಯದ ನೆರವಿಗೆ ಬಂದರೆ ಏಷ್ಯಾ ಮೈನರ್ ಕರಾವಳಿಯಲ್ಲಿ ದೊಡ್ಡ ಪ್ರದೇಶ ದೊರಕುವುದೆಂದು ಆಸೆ ತೋರಿಸಿದನು. ಫೆಬ್ರವರಿಯಲ್ಲಿ ಮಿತ್ರರಾಷ್ಟ್ರಗಳ ಹಡಗುಗಳು ಡಾರ್ಡನೆಲ್ಸ್ ಜಲಸಂಧಿಯ ಕೋಟೆಗಳ ಮೇಲೆ ಗುಂಡಿನ ಮಳೆ ಸುರಿಸತೊಡಗಿದುವು. ಆ ದಂಡಯಾತ್ರೆಗೆ ಗ್ರೀಕ್ ಸೈನ್ಯವನ್ನು ಕಳುಹಿಸಬೇಕೆಂದು ವೆನಿಜೆಲೋಸ್ ಹಟ ಹಿಡಿದನು. ಅರಸನು ಒಂದು ಗಳಿಗೆ ಒಲಿದಂತೆಯೂ ಕಂಡನು. ಮೆಟಾಕ್ಸಾಸ್ ರಾಜೀನಾಮೆ ಕೊಟ್ಟು ತಡೆದನು. ಏಷ್ಯಾ ಮೈನರಿನಲ್ಲಿ ಕರಾವಳಿಯನ್ನು ಹಿಡಿಯುವುದು ಸುಲಭ, ಒಳನಾಡಿನಿಂದ ಬರುವ ತುರ್ಕಿ ಸೈನ್ಯದಿಂದ ಅದನ್ನು ಕಾಪಾಡುವುದು ಗ್ರೀಸಿನ ಶಕ್ತಿಗೆ ಮೀರಿದ್ದು ಎಂಬುದು ಅವನ ವಾದ. ಮಾರ್ಚ್ 6ರಂದು ವೆನಿಜೆಲೋಸ್ ಅಧಿಕಾರ ಬಿಟ್ಟಿಳಿದನು.

ಇಲ್ಲಿಯವರೆಗೆ ಇದು ಇಬ್ಬರು ದೇಶಭಕ್ತರ ನಡುವಣ ಪ್ರಾಮಾಣಿಕ ಭಿನ್ನಾಭಿಪ್ರಾಯ. ಇಬ್ಬರ ಮಾತಿನಲ್ಲಿಯೂ ತಿರುಳಿತ್ತು.

ಯಾರ ಮಾತು ನಡೆಯಬೇಕು?

ಜೂನ್ 1915ರಲ್ಲಿ ಚುನಾವಣೆ ನಡೆಯಿತು. ಅರಸನು ಆಗ ಪಕ್ಕೆಯ ಉರಿಯೂತದಿಂದ ಸಾವು ಬದುಕಿನ ನಡುವೆ ಇದ್ದನು. ಅವನು ಗುಣವಾಗಲೆಂದು ಟೀನೋಸ್ ದ್ವೀಪದ ಮೇರಿಮಾತೆಯ ಪವಿತ್ರ ಚಿತ್ರವನ್ನು ಹಡಗಿನಲ್ಲಿ ಅರಮನೆಗೆ ತಂದಿದ್ದರು. ಜನ ಅರಸನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದರು. ಹಾಗಿದ್ದೂ ಶಾಸನ ಸಭೆಯಲ್ಲಿ ಬಹುಮತ ವೆನಿಜೆಲೋಸನಿಗೆ ಬಂದಿತು. ಆಗಸ್ಟಿನಲ್ಲಿ ಅವನು ಮತ್ತೆ ಪ್ರಧಾನಿಯಾದನು.

ಸೆಪ್ಟೆಂಬರಿನಲ್ಲಿ ಬಲ್ಗೇರಿಯ ಸೈನ್ಯವನ್ನು ಸಜ್ಜುಗೊಳಿಸಿತು. ಗ್ರೀಸೂ ಸಜ್ಜಾಯಿತು. ಸೆರ್ಬಿಯ ಕೌಲಿನ ಪ್ರಕಾರ ಒಂದೂವರೆ ಲಕ್ಷ ಯೋಧರನ್ನು ಒದಗಿಸಬೇಕಾಗಿತ್ತು. ಅದಕ್ಕೆ ಆ ಶಕ್ತಿ ಉಳಿದಿರಲಿಲ್ಲ. ಆ ಕೊರತೆಯನ್ನು ಬ್ರಿಟನ್ ಮತ್ತು ಫ್ರಾನ್ಸ್ ತುಂಬಲೆಂದು ವೆನಿಜೆಲೋಸ್ ಅವರ ದಂಡನ್ನು ಸಲೋನಿಕಕ್ಕೆ ಕರೆದನು. ಅಕ್ಟೋಬರ್ 5ರಂದು ದಂಡು ಇಳಿಯತೊಡಗಿತು. ಅದೇ ದಿನ ಅರಸನು, ಶಾಸನ ಸಭೆಯ ಬಹುಮತವುಳ್ಳ ಪ್ರಧಾನಿಯನ್ನು ಎರಡನೆಯ ಬಾರಿ ಮನೆಗೆ ಕಳುಹಿಸಿದನು.

ಪ್ರಶ್ನೆಯ ರೂಪವೇ ಇಲ್ಲಿ ಬದಲಾಯಿತು. ಯುದ್ಧಕ್ಕೆ ಸೇರಬೇಕೆ ಬೇಡವೆ ಎಂಬುದು ಹಿಂದೆ ಸರಿದು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಮುಂದೆ ಬಂದಿತು. ದೇಶದೊಳಗಿನ ವ್ಯವಹಾರಗಳಲ್ಲಿ ಮಂತ್ರಿಯ ಮಾತನ್ನು ಕೇಳುವೆ, ಆದರೆ ರಾಷ್ಟ್ರದ ಅಳಿವು ಉಳಿವಿನ ವಿಷಯದಲ್ಲಿ ನಾನು ದೇವರಿಗೆ ಉತ್ತರ ಹೇಳಬೇಕಾದವನು ಎಂಬುದು ಅರಸನ ನಿಲುವಾಗಿದ್ದಿತೆಂದು ವೆನಿಜೆಲೋಸ್ ಹೇಳಿದ್ದಾನೆ. ಒಂದೇ ವಿಷಯಕ್ಕಾಗಿ ಒಂದೇ ವರ್ಷದಲ್ಲಿ ಎರಡು ಬಾರಿ ಸಭೆಯನ್ನು ವಿಸರ್ಜಿಸುವುದು ಸಂವಿಧಾನದ ಕೊಲೆಯೆಂಬುದು ವೆನಿಜೆಲೋಸನ ಕಡೆಯವರ ಕೂಗು. ಡಿಸೆಂಬರಿನ ಚುನಾವಣೆಯನ್ನು ಅವರು ಬಹಿಷ್ಕರಿಸಿದರು. ಹೊಸ ಸಭೆ ಕೂಡಿತು. ಆದರೆ ಅರ್ಧ ರಾಷ್ಟ್ರ ಅದನ್ನು ತನ್ನದೆಂದು ಒಪ್ಪಲಿಲ್ಲ.

ಒಡಕು ಈ ಇಬ್ಬರ ನಡುವಿನದು ಮಾತ್ರವಾಗಿದ್ದರೆ ಅದು ಅರಮನೆಯ ಅಂಗಳ ದಾಟುತ್ತಿರಲಿಲ್ಲ. ನಾಡಿನೊಳಗೆ ಮೊದಲೇ ಇದ್ದ ಬಿರುಕುಗಳ ಗುಂಟ ಅದು ಹರಿಯಿತು. 1912ರ ಮೊದಲಿನ ಹಳೆಯ ಗ್ರೀಸಿನ ಸಣ್ಣ ಹಿಡುವಳಿಯ ರೈತರು ಮೇಲಿಂದ ಮೇಲೆ ದಂಡಿಗೆ ಹೋಗಿ ದಣಿದಿದ್ದರು. ಮನೆಗೆ ಮರಳಿದವರನ್ನು ಪುನಃ ಕರೆಯದ ಅರಸನು ಅವರಿಗೆ ತಂದೆಯಂತೆ ಕಂಡನು. ವೆನಿಜೆಲೋಸನಿಂದ ಮೂಲೆಗೆ ಬಿದ್ದಿದ್ದ ಹಳೆಯ ಮನೆತನಗಳೂ ಅರಸನ ಬೆನ್ನಿಗೆ ನಿಂತವು. ಹೊಸದಾಗಿ ಸೇರಿದ ಕ್ರೀಟ್, ಈಜಿಯನ್ ದ್ವೀಪಗಳು, ಮ್ಯಾಸಿಡೋನಿಯದ ಗ್ರೀಕರಿಗೆ, ತುರ್ಕಿಯಿಂದ ಆಗಲೇ ಓಡಿಬಂದಿದ್ದ ನಿರಾಶ್ರಿತರಿಗೆ, ವ್ಯಾಪಾರಗಾರರಿಗೆ ವೆನಿಜೆಲೋಸನೇ ದೈವ. ಇನ್ನು ಆ ಹೊಸ ನಾಡುಗಳಲ್ಲಿದ್ದ ಮುಸಲ್ಮಾನರು ಮತ್ತು ಸಲೋನಿಕದ ಯಹೂದ್ಯರಾದರೋ, ತಮ್ಮನ್ನು ಗ್ರೀಸಿಗೆ ಸೇರಿಸಿದವನೆಂಬ ಕಾರಣಕ್ಕೇ ಬಹುಮಟ್ಟಿಗೆ ಅವನಿಗೆ ಎದುರಾಗಿ ಮತ ಕೊಟ್ಟರು. ಕೂಡಿಕೊಂಡು ಮೂರು ವರ್ಷವೂ ಆಗಿರದ ಮನೆ. ಬೆಸುಗೆ ಇನ್ನೂ ಹಸಿಯಾಗಿತ್ತು.

ಹೊರಗಿನವರ ಕೈ

ಸೆರ್ಬಿಯವನ್ನು ಉಳಿಸಲೆಂದು ಬಂದ ದಂಡು ಅದನ್ನು ಉಳಿಸಲಾರದೆ ಹೋಯಿತು. ಆದರೆ ಸಲೋನಿಕವನ್ನು ಬಿಟ್ಟು ಹೋಗಲೂ ಇಲ್ಲ. ತಟಸ್ಥ ರಾಜ್ಯವೊಂದರ ಎರಡನೆಯ ಪಟ್ಟಣದಲ್ಲಿ ಪರರಾಷ್ಟ್ರಗಳ ಪಾಳೆಯ ಲಕ್ಷಗಟ್ಟಲೆ ಯೋಧರವರೆಗೆ ಬೆಳೆಯಿತು. 1916ರ ಜನವರಿಯಲ್ಲಿ ಫ್ರೆಂಚರು ಕಾರ್ಫು ದ್ವೀಪವನ್ನು ಕೇಳದೆಯೇ ಆಕ್ರಮಿಸಿ, ಸೋತು ಬಂದ ಸೆರ್ಬಿಯನ್ ಸೈನ್ಯಕ್ಕೆ ಅಲ್ಲಿ ಆಶ್ರಯ ಕೊಟ್ಟರು.

ಮೇ ತಿಂಗಳಲ್ಲಿ ಇನ್ನೊಂದು ಕಡೆಯವರ ಸರದಿ ಬಂದಿತು. ಮ್ಯಾಸಿಡೋನಿಯದ ರೂಪೆಲ್ ಕೋಟೆಯನ್ನು ಅಥೆನ್ಸಿನ ಅಪ್ಪಣೆಯಂತೆ ಜರ್ಮನರಿಗೂ ಬಲ್ಗೇರಿಯನ್ನರಿಗೂ ಬಿಟ್ಟುಕೊಡಲಾಯಿತು. ಆಗಸ್ಟಿನಲ್ಲಿ ಬಲ್ಗೇರಿಯನ್ನರು ಪೂರ್ವ ಮ್ಯಾಸಿಡೋನಿಯಕ್ಕೆ ನುಗ್ಗಿದರು. ಕವಾಲ ಪಟ್ಟಣದಲ್ಲಿದ್ದ ಗ್ರೀಕ್ ಸೈನ್ಯದ ಸುಮಾರು ಏಳು ಸಾವಿರ ಮಂದಿ ಕಾದಾಡದೆಯೇ ಶರಣಾಗಿ, ಜರ್ಮನಿಯ ಗೋರ್ಲಿಟ್ಸ್ ಎಂಬ ಊರಿಗೆ ರೈಲಿನಲ್ಲಿ ಸಾಗಿಸಲ್ಪಟ್ಟರು. ಮೂರು ವರ್ಷಗಳ ಹಿಂದೆ ರಕ್ತ ಸುರಿಸಿ ಗೆದ್ದ ನೆಲ ಒಂದು ಗುಂಡಿಲ್ಲದೆ ಹೋಯಿತಲ್ಲಾ ಎಂಬ ಸಂಕಟ ಅನೇಕ ಅಧಿಕಾರಿಗಳನ್ನು ಸುಟ್ಟಿತು. ಆಗಸ್ಟ್ 30ರಂದು ಸಲೋನಿಕದಲ್ಲಿ ಅವರು ದಂಗೆಯೆದ್ದರು. ವೆನಿಜೆಲೋಸ್ ಸೆಪ್ಟೆಂಬರ್ ಕೊನೆಯಲ್ಲಿ ಅಥೆನ್ಸನ್ನು ಬಿಟ್ಟು ಕ್ರೀಟ್‌ಗೆ ಹೋಗಿ, ಅಲ್ಲಿಂದ ಅಕ್ಟೋಬರ್ 9ರಂದು ಸಲೋನಿಕಕ್ಕೆ ಬಂದು ಬೇರೆ ಸರಕಾರವನ್ನೇ ಸ್ಥಾಪಿಸಿದನು. ನೌಕಾಧಿಪತಿ ಕುಂಡುರಿಯೋಟಿಸ್ ಮತ್ತು ಸೇನಾನಿ ಡಾಂಗ್ಲಿಸ್ ಅವನ ಸಂಗಡಿಗರು. ಎರಡು ಗ್ರೀಸುಗಳ ನಡುವೆ ಫ್ರೆಂಚರು ಒಂದು ತಟಸ್ಥ ಪಟ್ಟಿಯನ್ನು ಗುರುತಿಸಿದರು.

ಅರಸನ ಪಕ್ಷವೂ ಕೈಕಟ್ಟಿ ಕುಳಿತಿರಲಿಲ್ಲ. ಮಿತ್ರರಾಷ್ಟ್ರಗಳ ಒತ್ತಾಯದಿಂದ 1916ರ ಬೇಸಗೆಯಲ್ಲಿ ಸೈನ್ಯವನ್ನು ವಿಸರ್ಜಿಸಬೇಕಾಗಿ ಬಂದಾಗ, ಮನೆಗೆ ಹೋದ ಸಿಪಾಯಿಗಳನ್ನು ಮೆಟಾಕ್ಸಾಸ್ ಊರೂರಿನಲ್ಲಿ ಸಂಘಗಳಾಗಿ ಕಟ್ಟಿದನು. ಬೀದಿಯನ್ನು ಆಳಬಲ್ಲ ದೊಡ್ಡ ರಾಜಕೀಯ ಶಕ್ತಿ ಹಳೆಯ ಗ್ರೀಸಿನಲ್ಲಿ ಹೀಗೆ ಹುಟ್ಟಿತು. ಸೈನ್ಯ ಕರಗಿತೆಂದು ಹೊರಗಿನವರು ತಿಳಿದರು. ಅದು ಪಕ್ಷವಾಗಿ ಮಾರ್ಪಟ್ಟಿತ್ತು.

1916ರ ಡಿಸೆಂಬರ್ 1ರಂದು, ತಾವು ಕೇಳಿದ ಫಿರಂಗಿಗಳನ್ನು ಅರಸನು ಒಪ್ಪಿಸಲಿಲ್ಲವೆಂದು ಫ್ರೆಂಚ್ ಮತ್ತು ಬ್ರಿಟಿಷ್ ಪಡೆಗಳು ಅಥೆನ್ಸಿಗೇ ನಡೆದುಬಂದವು. ಕಾಳಗವಾಯಿತು. ಎರಡೂ ಕಡೆ ಹೆಣಗಳು ಬಿದ್ದವು. ಫ್ರೆಂಚ್ ಹಡಗುಗಳ ಗುಂಡು ಅರಮನೆಯ ಸುತ್ತ ಬಿದ್ದಿತು. ಪಡೆಗಳು ಹಿಂದಕ್ಕೆ ಹೋದ ಮೇಲೆ ಸೇಡು ಆರಂಭವಾಯಿತು. ವೆನಿಜೆಲೋಸನ ಕಡೆಯವರೆಂದು ಹೆಸರಾದವರ ಮನೆ ಅಂಗಡಿಗಳನ್ನು ಲೂಟಿ ಮಾಡಿದರು, ಸೆರೆಗೆ ಹಾಕಿದರು, ಹಲವರನ್ನು ಕೊಂದರು. ಅದೇ ತಿಂಗಳ ಕೊನೆಯಲ್ಲಿ ಅಥೆನ್ಸಿನ ಆರ್ಚ್‌ಬಿಷಪ್ ಥಿಯೋಕ್ಲಿಟೋಸ್ ಬಯಲಿನಲ್ಲಿ ನಿಂತು ವೆನಿಜೆಲೋಸನಿಗೆ ಧರ್ಮಬಹಿಷ್ಕಾರದ ಶಾಪ ಹಾಕಿದನು. ನೆರೆದ ಸಾವಿರಾರು ಮಂದಿ ಒಬ್ಬೊಬ್ಬರಾಗಿ ಬಂದು ಕಲ್ಲೆಸೆದು ಹೋದರು. ಮಿತ್ರರಾಷ್ಟ್ರಗಳು ಹಳೆಯ ಗ್ರೀಸಿಗೆ ಸಮುದ್ರಮಾರ್ಗವಾಗಿ ಆಹಾರ ಬರದಂತೆ ಮುತ್ತಿಗೆ ಹಾಕಿದವು. ಆ ಚಳಿಗಾಲ ಬಡವರು ಹಸಿವಿನಿಂದ ನರಳಿದರು. ಆ ಹಸಿವಿನ ಲೆಕ್ಕವನ್ನು ಅವರು ವೆನಿಜೆಲೋಸನ ಖಾತೆಗೇ ಬರೆದುಕೊಂಡರು.

ಇತ್ತ ವೆನಿಜೆಲೋಸನ ಸರಕಾರವೂ ಪುಷ್ಪವೃಷ್ಟಿಯಿಂದ ಸೈನ್ಯ ಕಟ್ಟಲಿಲ್ಲ. ಬಲವಂತದಿಂದ ಜನರನ್ನು ದಂಡಿಗೆ ಸೇರಿಸಿತು. ನಾಕ್ಸೋಸ್ ದ್ವೀಪದ ಅಪೇರಾಂಥೋಸ್ ಎಂಬ ಹಳ್ಳಿ ಒಪ್ಪದಿದ್ದಾಗ 1917ರ ಜನವರಿಯಲ್ಲಿ ಅಲ್ಲಿಯವರ ಮೇಲೆ ಗುಂಡು ಹಾರಿತು. ಹಳ್ಳಿಯ ಗಂಡಸರು ಹೆಂಗಸರು ಹಲವರು ಸತ್ತರು.

1917ರ ಜೂನ್‌ನಲ್ಲಿ ಫ್ರಾನ್ಸಿನ ಪ್ರತಿನಿಧಿ ಜೊನ್ನಾರ್ ಸೈನ್ಯಸಮೇತ ಬಂದು, ಅರಸನು ಪಟ್ಟ ಬಿಡಬೇಕೆಂದು ವಿಧಿಸಿದನು. 1863ರ ಕೌಲಿನ 'ಸಂವಿಧಾನಬದ್ಧ' ಎಂಬ ಮಾತು ಆಗ ಕೆಲಸಕ್ಕೆ ಬಂದಿತು. ಸಂವಿಧಾನವನ್ನು ಅರಸನು ಮುರಿದನು, ಜಾಮೀನು ನಿಂತ ನಾವು ಅದನ್ನು ಸರಿಪಡಿಸುತ್ತಿದ್ದೇವೆ ಎಂಬುದು ಅವರು ಕೊಟ್ಟ ಕಾರಣ. ಕಾನ್‌ಸ್ಟಂಟೈನ್ ಪಟ್ಟತ್ಯಾಗದ ಪತ್ರಕ್ಕೆ ರುಜು ಹಾಕದೆಯೇ ದೇಶ ಬಿಟ್ಟನು. ಎರಡನೆಯ ಮಗ ಅಲೆಕ್ಸಾಂಡರ್ ದೊರೆಯಾದನು. ವೆನಿಜೆಲೋಸ್ ಅಥೆನ್ಸಿಗೆ ಮರಳಿ, 1915ರ ಜೂನ್‌ನಲ್ಲಿ ಆಯ್ಕೆಯಾಗಿ ಸತ್ತುಹೋಗಿದ್ದ ಸಭೆಯನ್ನೇ ಪುನಃ ಕರೆದನು. ಬೈಬಲಿನಲ್ಲಿ ಸತ್ತು ಎದ್ದುಬಂದ ಲಾಜರಸನ ನೆನಪಿನಿಂದ ಜನ ಅದಕ್ಕೆ 'ಲಾಜರಸರ ಸಭೆ' ಎಂದು ಅಡ್ಡ ಹೆಸರಿಟ್ಟರು. ಗ್ರೀಸ್ ಯುದ್ಧಕ್ಕಿಳಿಯಿತು. 1918ರಲ್ಲಿ ಬಲ್ಗೇರಿಯವನ್ನು ಮಣಿಸಿದ ಕೊನೆಯ ಹೋರಾಟದಲ್ಲಿ ಗ್ರೀಕ್ ಯೋಧರು ಚೆನ್ನಾಗಿಯೇ ಕಾದಿದರು.

ಆದರೆ ನ್ಯಾಯವಾದ ಬೇಡಿಕೆಯನ್ನು ಪರರ ಬಂದೂಕಿನಿಂದ ಗೆದ್ದುಕೊಂಡರೆ ಅದರ ನ್ಯಾಯ ಅರ್ಧ ಕರಗಿಹೋಗುತ್ತದೆ. ಮಂತ್ರಿಯ ಮಾತು ನಡೆಯಬೇಕೆಂಬ ತತ್ತ್ವ ಗೆದ್ದಿತು, ನಿಜ. ಆದರೆ ಹಳೆಯ ಗ್ರೀಸಿನ ಒಕ್ಕಲಿಗನ ಕಣ್ಣಿಗೆ ಕಂಡದ್ದು ಫ್ರೆಂಚ್ ಸಿಪಾಯಿಗಳ ರಕ್ಷೆಯಲ್ಲಿ ಬಂದ ಮಂತ್ರಿ ಮತ್ತು ಗಡಿಪಾರಾದ ಅರಸ. ಮೇಲಾಗಿ ಶುದ್ಧೀಕರಣದ ಹೆಸರಿನಲ್ಲಿ ಸಾವಿರಾರು ಸರಕಾರಿ ನೌಕರರು, ನ್ಯಾಯಾಧೀಶರು, ಸೈನ್ಯಾಧಿಕಾರಿಗಳು ಕೆಲಸ ಕಳೆದುಕೊಂಡರು. ಶಾಪ ಹಾಕಿದ ಆರ್ಚ್‌ಬಿಷಪ್ ಪೀಠದಿಂದ ಇಳಿದನು. ಗುನಾರಿಸ್, ಮೆಟಾಕ್ಸಾಸ್ ಮೊದಲಾದವರನ್ನು ಕಾರ್ಸಿಕ ದ್ವೀಪಕ್ಕೆ ಸಾಗಿಸಿದರು.

ಗೆಲುವಿನ ಬೆಲೆ

ಯುದ್ಧದ ಫಲಿತಾಂಶದ ವಿಷಯದಲ್ಲಿ ವೆನಿಜೆಲೋಸನ ಊಹೆ ಸರಿಯಾಗಿತ್ತು. ಪ್ಯಾರಿಸ್ಸಿನಲ್ಲಿ ಹಂಚಿಕೆಯ ಪಂಕ್ತಿ ಕುಳಿತಾಗ ಅವನಿಗೆ ಎಲೆ ಸಿಕ್ಕಿತು. 1919ರ ಮೇ 15ರಂದು ಗ್ರೀಕ್ ಸೈನ್ಯ ಸ್ಮಿರ್ನಾ ಬಂದರಿನಲ್ಲಿ ಇಳಿಯಿತು. 1920ರ ಆಗಸ್ಟ್ 10ರಂದು ಸೇವ್ರ್ ಕೌಲಿಗೆ ರುಜುವಾಗಿ, ಕನಸು ಕೈಗೆಟುಕಿತು ಎನ್ನಿಸಿತು. ಎರಡು ದಿನಗಳ ನಂತರ ಪ್ಯಾರಿಸ್ಸಿನ ರೈಲು ನಿಲ್ದಾಣದಲ್ಲಿ ಅರಸನ ಪಕ್ಷದ ಇಬ್ಬರು ಮಾಜಿ ಅಧಿಕಾರಿಗಳು ಅವನಿಗೆ ಗುಂಡಿಟ್ಟರು. ಗಾಯವಾಯಿತು, ಜೀವ ಉಳಿಯಿತು. ಸುದ್ದಿ ಅಥೆನ್ಸಿಗೆ ಮುಟ್ಟಿದಾಗ ಅವನ ಕಡೆಯ ಸಿಪಾಯಿಗಳು ಬರಹಗಾರನೂ ರಾಜಕಾರಣಿಯೂ ಆದ ಇಯೋನ್ ಡ್ರಗೂಮಿಸನನ್ನು ಹಿಡಿದು ಬೀದಿಯಲ್ಲಿಯೇ ಕೊಂದರು. ರಾಷ್ಟ್ರದ ಅತ್ಯಂತ ದೊಡ್ಡ ಗೆಲುವಿನ ವಾರ ಹೀಗೆ ಕಳೆಯಿತು.

ಆ ಸೇವ್ರ್ ಕೌಲಿನ ಅಲೆ ನಮ್ಮ ಕರಾವಳಿಗೂ ಬಡಿದಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಖಲೀಫನ ರಾಜ್ಯವನ್ನು ತುಂಡರಿಸಿದರೆಂಬ ನೋವಿನಿಂದ ಹುಟ್ಟಿದ ಖಿಲಾಫತ್ ಚಳವಳಿಯ ಪ್ರಚಾರಕ್ಕಾಗಿ ಅದೇ ಆಗಸ್ಟಿನಲ್ಲಿ ಗಾಂಧೀಜಿಯವರು ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದಿದ್ದರು. ಭಾರತದ ಮುಸಲ್ಮಾನರ ಅಸಮಾಧಾನವನ್ನು ಲಂಡನ್ ಸರಕಾರ ಲೆಕ್ಕಿಸಲಿಲ್ಲ. ಕೌಲನ್ನು ತಿದ್ದಬೇಕೆಂಬ ಭಾರತ ಸರಕಾರದ ತಂತಿಯನ್ನು ಬಹಿರಂಗಪಡಿಸಿದ್ದಕ್ಕಾಗಿ ಭಾರತ ಮಂತ್ರಿ ಮಾಂಟೆಗು 1922ರ ಮಾರ್ಚಿನಲ್ಲಿ ಪದವಿಯನ್ನೇ ಬಿಡಬೇಕಾಯಿತು.

1920ರ ಅಕ್ಟೋಬರಿನಲ್ಲಿ ಯುವಕ ದೊರೆ ಅಲೆಕ್ಸಾಂಡರ್ ಕೋತಿ ಕಚ್ಚಿದ ಗಾಯ ನಂಜೇರಿ ಸತ್ತನು. ನವೆಂಬರಿನ ಚುನಾವಣೆಯಲ್ಲಿ ವೆನಿಜೆಲೋಸ್ ಸೋತನು. ತನ್ನ ಸ್ಥಾನವನ್ನೂ ಕಳೆದುಕೊಂಡನು. ರಾಜ್ಯವನ್ನು ಅಷ್ಟು ದೊಡ್ಡದು ಮಾಡಿದವನನ್ನು ಜನ ಹೇಗೆ ತಳ್ಳಿದರೆಂದು ಯೂರೋಪು ಬೆರಗಾಯಿತು. ಆದರೆ ಎಂಟು ವರ್ಷಗಳಿಂದ ದಂಡಿನಲ್ಲಿದ್ದ ಮಕ್ಕಳು ಮನೆಗೆ ಬರಲೆಂದು ಕಾಯುತ್ತಿದ್ದ ತಾಯಂದಿರಿಗೂ, 1916ರ ಹಸಿವನ್ನೂ 1917ರ ನೌಕರಿ ನಷ್ಟವನ್ನೂ ಮರೆಯದ ಕುಟುಂಬಗಳಿಗೂ ಅದರಲ್ಲಿ ಬೆರಗೇನಿರಲಿಲ್ಲ. ಕಾನ್‌ಸ್ಟಂಟೈನ್ ಜಯಘೋಷದ ನಡುವೆ ಮರಳಿದನು.

ಶಾಂತಿಯ ಆಸೆ ತೋರಿಸಿ ಗೆದ್ದ ಅರಸನ ಪಕ್ಷ ಯುದ್ಧವನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ದೇಶದ್ರೋಹಿಗಳೆಂಬ ಬಿರುದನ್ನು ಎದುರಾಳಿಗಳು ಕೊಡುವರೆಂಬ ಭಯ. ಅನುಭವಿಗಳಾದ ವೆನಿಜೆಲೋಸ್ ಪಕ್ಷದ ಅಧಿಕಾರಿಗಳನ್ನು ತೆಗೆದು, 1917ರಲ್ಲಿ ಕೆಲಸ ಕಳೆದುಕೊಂಡಿದ್ದವರನ್ನು ರಣರಂಗದ ಮುಖ್ಯ ಸ್ಥಾನಗಳಿಗೆ ತಂದರು. ಕಾನ್‌ಸ್ಟಂಟೈನ್ ಬಂದುದನ್ನೇ ನೆಪ ಮಾಡಿಕೊಂಡು ಫ್ರಾನ್ಸ್ ಮತ್ತು ಇಟಲಿ ಹಿಂಜರಿದವು. ಬ್ರಿಟನ್ ಬರಿಯ ಮಾತಿನ ನೆರವು ಕೊಟ್ಟಿತು. ಮೆಟಾಕ್ಸಾಸನನ್ನು ಸೈನ್ಯ ನಡೆಸಲು ಕರೆದಾಗ, ಆಗದ ಕೆಲಸವೆಂದು ತಾನು 1915ರಲ್ಲಿಯೇ ಹೇಳಿದ್ದನ್ನು ನೆನಪಿಸಿ ಅವನು ನಿರಾಕರಿಸಿದನು. 1921ರಲ್ಲಿ ಸಕಾರ್ಯ ನದಿಯ ದಡದಲ್ಲಿ ಮುಸ್ತಫಾ ಕೆಮಾಲನ ಪಡೆ ಗ್ರೀಕರನ್ನು ತಡೆಯಿತು. 1922ರ ಆಗಸ್ಟ್ 26ರಂದು ಅವನ ಮುನ್ನುಗ್ಗುವಿಕೆ ಆರಂಭವಾಯಿತು. ಎರಡು ವಾರಗಳಲ್ಲಿ ಎಲ್ಲ ಮುಗಿಯಿತು. ಸೆಪ್ಟೆಂಬರ್ 9ರಂದು ತುರ್ಕರು ಸ್ಮಿರ್ನಾ ಹೊಕ್ಕರು. ನಾಲ್ಕು ದಿನಗಳ ಮೇಲೆ ಪಟ್ಟಣಕ್ಕೆ ಬೆಂಕಿ ಹತ್ತಿ, ಕಡಲ ಕಟ್ಟೆಯ ಮೇಲೆ ಮುಂದೆ ನೀರು ಹಿಂದೆ ಉರಿಯೆಂದು ಲಕ್ಷಾಂತರ ಜನ ಸಿಕ್ಕಿಕೊಂಡರು.

ಸೋತು ಬಂದ ಸೈನ್ಯ ದಂಗೆಯೆದ್ದಿತು. ಅರಸನು ಪಟ್ಟ ಬಿಟ್ಟು ಹೋಗಿ ಮರುವರ್ಷದ ಜನವರಿಯಲ್ಲಿ ಇಟಲಿಯ ಪಲೆರ್ಮೋದಲ್ಲಿ ತೀರಿಕೊಂಡನು. 1922ರ ನವೆಂಬರ್ 28ರಂದು ಗುನಾರಿಸ್ ಸೇರಿ ಮೂವರು ಮಾಜಿ ಪ್ರಧಾನಿಗಳನ್ನೂ ಇಬ್ಬರು ಮಂತ್ರಿಗಳನ್ನೂ ಒಬ್ಬ ಸೇನಾಪತಿಯನ್ನೂ ದೇಶದ್ರೋಹದ ಅಪರಾಧಕ್ಕಾಗಿ ಗುಂಡಿಕ್ಕಿ ಕೊಂದರು. ಸೋಲಿಗೆ ಅವರು ಹೊಣೆಗಾರರಾಗಿರಬಹುದು, ದ್ರೋಹಿಗಳಾಗಿರಲಿಲ್ಲ. 2010ರಲ್ಲಿ ಗ್ರೀಸಿನ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಆ ವೇಳೆಗೆ ಎಂಬತ್ತೆಂಟು ವರ್ಷಗಳು ಸಂದಿದ್ದವು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇದಕ್ಕಿಂತ ಕ್ರೂರವಾದ ಉದಾಹರಣೆ ಸಿಗಲಾರದು. 1923ರ ಲೊಸಾನ್ ಒಪ್ಪಂದದ ಪ್ರಕಾರ ಎರಡೂ ದೇಶಗಳ ಜನರ ವಿನಿಮಯವಾಯಿತು. ಮೊದಲೇ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು, 3.5 ಲಕ್ಷಕ್ಕೂ ಹೆಚ್ಚು ಮುಸಲ್ಮಾನರು ತುರ್ಕಿಗೆ ಹೋದರು. ಧರ್ಮವೊಂದನ್ನೇ ನೋಡಿ ವಿಂಗಡಿಸಿದ್ದರಿಂದ ಗ್ರೀಕ್ ಬಾರದ ಕ್ರೈಸ್ತರೂ ತುರ್ಕಿ ಭಾಷೆ ಬಾರದ ಮುಸಲ್ಮಾನರೂ ಪರದೇಶವೆನ್ನಿಸಿದ 'ಸ್ವದೇಶ'ಕ್ಕೆ ಹೊರಟರು. ಗ್ರೀಸಿನಲ್ಲಿ ಐವರಲ್ಲಿ ಒಬ್ಬ ನಿರಾಶ್ರಿತನೆಂಬಂತಾಯಿತು. ಹಳೆಯ ನಿವಾಸಿಗಳು ಅವರನ್ನು 'ತುರ್ಕರ ಬೀಜ'ವೆಂದೂ, ಅಡಿಗೆಗೆಲ್ಲ ಮೊಸರು ಬಳಸುತ್ತಾರೆಂದು 'ಮೊಸರಿನಲ್ಲಿ ದೀಕ್ಷಾಸ್ನಾನವಾದವರು' ಎಂದೂ ಹಂಗಿಸಿದರು. ನಿರಾಶ್ರಿತರು ತಮ್ಮ ಕೇಡಿಗೆಲ್ಲ ಅರಸನೇ ಕಾರಣವೆಂದು ವೆನಿಜೆಲೋಸನ ಪಕ್ಷಕ್ಕೆ ಮತ ಕೊಟ್ಟರು. 1915ರ ಒಡಕಿಗೆ ಹೀಗೆ ಹೊಸ ರಕ್ತ ಸಿಕ್ಕಿತು.

ಉಳಿದ ಪ್ರಶ್ನೆ

ಮುಂದಿನ ಹದಿನಾಲ್ಕು ವರ್ಷಗಳ ಗ್ರೀಕ್ ರಾಜಕೀಯವೆಂದರೆ ಬಹುಮಟ್ಟಿಗೆ ಸೈನ್ಯಾಧಿಕಾರಿಗಳ ಪಟ್ಟಿಯ ಇತಿಹಾಸ. ಒಂದು ಪಕ್ಷ ಬಂದಾಗ ಇನ್ನೊಂದು ಪಕ್ಷದವರು ಮನೆಗೆ; ಅವರು ಬಂದಾಗ ಇವರು ಬೀದಿಗೆ. ನೌಕರಿಯ ಆಸೆ ತತ್ತ್ವದ ವೇಷ ಧರಿಸಿತು. 1924ರಲ್ಲಿ ಗಣರಾಜ್ಯ ಬಂದಿತು, 1935ರಲ್ಲಿ ಅರಸೊತ್ತಿಗೆ ಮರಳಿತು. ಆ ವರ್ಷ ವಿಫಲವಾದ ದಂಗೆಯೊಂದರಲ್ಲಿ ಕೈಹಾಕಿದ ವೆನಿಜೆಲೋಸ್ ದೇಶ ಬಿಟ್ಟೋಡಿ, 1936ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ಸತ್ತನು. ಅದೇ ವರ್ಷದ ಚುನಾವಣೆಯಲ್ಲಿ ಎರಡು ಪಾಳೆಯಗಳೂ ಸಮಸಮವಾಗಿ ಬಂದು, ಸರಕಾರ ರಚಿಸುವ ಬೀಗದ ಕೈ ಹದಿನೈದು ಮಂದಿ ಕಮ್ಯೂನಿಸ್ಟರ ಕೈಗೆ ಸಿಕ್ಕಿತು. ಆಗಸ್ಟ್ 4ರಂದು ಮೆಟಾಕ್ಸಾಸ್ ಅರಸನ ಒಪ್ಪಿಗೆಯಿಂದ ಸಭೆಯನ್ನು ಮುಚ್ಚಿ ಸರ್ವಾಧಿಕಾರಿಯಾದನು. ಯಾರು ತೀರ್ಮಾನಿಸಬೇಕೆಂದು ಎದ್ದ ಜಗಳ, ಯಾರೂ ಕೇಳಬಾರದೆಂಬಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ 1940ರ ಅಕ್ಟೋಬರ್ 28ರಂದು ಮುಸ್ಸೊಲಿನಿಯ ಬೆದರಿಕೆಗೆ ಒಲ್ಲೆನೆಂದು ಹೇಳಿ ಬ್ರಿಟನ್ನಿನ ಪಕ್ಷದಲ್ಲಿ ನಿಂತವನೂ ಇದೇ ಮೆಟಾಕ್ಸಾಸ್. ಅರಸೊತ್ತಿಗೆ ಇರಬೇಕೆ ಬೇಡವೆ ಎಂಬ ಪ್ರಶ್ನೆ ಕೊನೆಯದಾಗಿ ತೀರಿದ್ದು 1974ರ ಜನಮತದಲ್ಲಿ.

ಹಾಗಾದರೆ ಸರಿ ಯಾರದು, ತಪ್ಪು ಯಾರದು? ಮಹಾಯುದ್ಧವನ್ನು ಯಾರು ಗೆಲ್ಲುವರೆಂಬುದನ್ನು ವೆನಿಜೆಲೋಸ್ ಸರಿಯಾಗಿ ಕಂಡನು. ಆ ಗೆಲುವಿನಿಂದ ಬರುವ ಏಷ್ಯಾದ ನೆಲವನ್ನು ಉಳಿಸಿಕೊಳ್ಳಲಾಗದೆಂಬುದನ್ನು ಮೆಟಾಕ್ಸಾಸ್ ಸರಿಯಾಗಿ ಕಂಡನು. ಒಬ್ಬನ ದೃಷ್ಟಿಯನ್ನು ಇನ್ನೊಬ್ಬನ ಎಚ್ಚರಿಕೆ ತಿದ್ದಿದ್ದರೆ, ಯುದ್ಧಕ್ಕೆ ಸೇರಿಯೂ ಸ್ಮಿರ್ನಾದ ಆಸೆಗೆ ಬೀಳದಿರುವ ದಾರಿಯೊಂದು ಇತ್ತೋ ಏನೋ. ಆದರೆ 1915ರ ಅಕ್ಟೋಬರಿನ ನಂತರ ಎದುರಾಳಿಯ ಮಾತಿನಲ್ಲಿ ಸತ್ಯ ಹುಡುಕುವುದೇ ದ್ರೋಹವೆನಿಸಿಕೊಂಡಿತು.

ನೆರೆಯ ರುಮೇನಿಯದ ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯ ದೊರೆ ಕ್ಯಾರೊಲ್ ಜರ್ಮನ್ ರಾಜವಂಶದವನೇ. ಜರ್ಮನಿಯೊಡನೆ ಗುಟ್ಟಾದ ಕೌಲನ್ನೂ ಮಾಡಿಕೊಂಡಿದ್ದವನು. 1914ರ ಆಗಸ್ಟ್ 3ರಂದು ಸಿನಾಯದ ಅರಮನೆಯಲ್ಲಿ ಅವನು ಕರೆದ ಮಂತ್ರಾಲೋಚನೆಯಲ್ಲಿ ಹೆಚ್ಚಿನವರು ಅವನ ಇಷ್ಟಕ್ಕೆ ವಿರುದ್ಧವಾಗಿ ತಟಸ್ಥ ನೀತಿಯನ್ನು ಹಿಡಿದರು. ಮುದುಕ ದೊರೆ ಮನಸ್ಸಿನಲ್ಲಿ ಕುದಿದರೂ ತಲೆಬಾಗಿದನು. ಎರಡು ತಿಂಗಳಲ್ಲಿ ಅವನು ಸತ್ತನು. ಅವನ ನಂತರ ಬಂದ ಫರ್ಡಿನಾಂಡ್ ಮಂತ್ರಿಗಳ ಮಾತಿನಂತೆ 1916ರಲ್ಲಿ ತನ್ನ ಹುಟ್ಟುನಾಡಿನ ಎದುರು ಪಕ್ಷದಲ್ಲಿಯೇ ಯುದ್ಧಕ್ಕಿಳಿದನು. ರುಮೇನಿಯ ಯುದ್ಧದಲ್ಲಿ ಸೋತು ಸುಣ್ಣವಾಯಿತು, ರಾಜಧಾನಿಯನ್ನೇ ಕಳೆದುಕೊಂಡಿತು. ಆದರೆ ಎರಡು ಸರಕಾರಗಳಾಗಿ ಒಡೆಯಲಿಲ್ಲ.

ಪಕ್ಷ ಹಿಡಿಯುವ ತೀರ್ಮಾನ ಸರಿಯಿರಬಹುದು, ತಪ್ಪಿರಬಹುದು. ಯಾವ ರಾಷ್ಟ್ರವೂ ಮುಂದಿನದನ್ನು ಕಂಡು ನಿರ್ಧರಿಸಲಾರದು. ತಪ್ಪು ತೀರ್ಮಾನದಿಂದಾದ ನಷ್ಟವನ್ನು ಕೂಡಿದ ಮನೆ ಹೇಗೋ ತುಂಬಿಕೊಳ್ಳುತ್ತದೆ. ತೀರ್ಮಾನಿಸುವ ಹಕ್ಕು ಯಾರದೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ, ಸೋತಾಗ ಆ ತೀರ್ಮಾನಕ್ಕೆ ತಲೆಬಾಗದೆ, ಗೆಲ್ಲಲು ಹೊರಗಿನವರನ್ನು ಅಂಗಳಕ್ಕೆ ಕರೆದ ಮನೆಗೆ ಸರಿಯಾದ ತೀರ್ಮಾನವೂ ದಕ್ಕುವುದಿಲ್ಲ. ಸ್ಮಿರ್ನಾದ ಕಟ್ಟೆಯ ಮೇಲೆ ಗಂಟುಮೂಟೆ ಹಿಡಿದು ಹಡಗಿಗಾಗಿ ಕಾದ ಜನ ಅರಸನನ್ನಾಗಲಿ ಮಂತ್ರಿಯನ್ನಾಗಲಿ ಆರಿಸಿದವರಾಗಿರಲಿಲ್ಲ. ಅಥೆನ್ಸಿನ ಯಾವ ಚುನಾವಣೆಯಲ್ಲಿಯೂ ಅವರಿಗೆ ಮತವಿರಲಿಲ್ಲ. ಜಗಳದ ಬಡ್ಡಿಯನ್ನು ಮಾತ್ರ ಅವರೇ ತೆತ್ತರು.